ಬೆಳೆಯದ ಕೋಶವೆಲ್ಲ ಸುಪ್ತ ಕೋಶವಲ್ಲ

ಈಸ್ಟ್ರೋಜೆನ್ ಅವಲಂಬಿತ ಸ್ತನ ಕ್ಯಾನ್ಸರಿಗೆ ಐದು ವರ್ಷ ಮಾತ್ರೆ ನುಂಗಿ ಗುಣವಾದೆ ಎಂದುಕೊಂಡವರಲ್ಲೂ ಎಷ್ಟೋ ವರ್ಷಗಳ ಮೇಲೆ ಮೂಳೆಯಲ್ಲೋ ಶ್ವಾಸಕೋಶದಲ್ಲೋ ರೋಗ ಮತ್ತೆ ತಲೆ ಎತ್ತುತ್ತದೆ. ಐದು ವರ್ಷದ ಚಿಕಿತ್ಸೆ ಮುಗಿದಾಗ ರೋಗವಿಲ್ಲದಿದ್ದ 62,923 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2017ರಲ್ಲಿ ಬಂತು. ಗಡ್ಡೆ ಚಿಕ್ಕದಿದ್ದು ಕಂಕುಳಿನ ಗ್ರಂಥಿಗೆ ಹರಡದವರಲ್ಲೂ ರೋಗ ಪತ್ತೆಯಾದ 5ರಿಂದ 20ನೇ ವರ್ಷದೊಳಗೆ ದೂರದ ಅಂಗದಲ್ಲಿ ಮರುಕಳಿಸುವ ಅಪಾಯ ಶೇ 13 ಇತ್ತು. ಅಷ್ಟು ಕಾಲ ಆ ಕೋಶಗಳು ಹೇಗೆ ಅಡಗಿದ್ದವು ಎಂದು ಹುಡುಕುವುದೇ ನಮ್ಮ ಕೆಲಸ.

ಹೊಸಬರು ಇಲ್ಲಿ ಮೊದಲು ಎಡವುವುದು ಒಂದು ಪದದ ಮೇಲೆ. ಬೆಳೆಯದ ಕೋಶ ಕಂಡ ಕೂಡಲೇ 'ಸುಪ್ತ' ಎಂದು ಬರೆದುಬಿಡುತ್ತಾರೆ. ಅದು ಸಾಯುತ್ತಿರಬಹುದು, ಮುಪ್ಪಾಗಿ ಇನ್ನೆಂದೂ ವಿಭಜನೆಯಾಗದ ಸ್ಥಿತಿ ಮುಟ್ಟಿರಬಹುದು. ಎಬ್ಬಿಸಿದರೆ ಏಳುವ ಕೋಶಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ.

ಕೈ ಪಳಗಿಸಿಕೊಳ್ಳಲು ಡಿ2.0ಆರ್ ಮತ್ತು ಡಿ2ಎ1 ಎಂಬ ಕ್ಯಾನ್ಸರ್ ಕೋಶಗಳ ಜೋಡಿ ಒಳ್ಳೆಯದು. ಎರಡೂ ಇಲಿಯ ಸ್ತನದ ಒಂದೇ ಮೂಲದಿಂದ ಬಂದವು. ಪ್ಲಾಸ್ಟಿಕ್ ತಟ್ಟೆಯಲ್ಲಿ ಎರಡೂ ಬೆಳೆಯುತ್ತವೆ, ಅಲ್ಲಿ ವ್ಯತ್ಯಾಸ ಕಾಣದು. ಬೇಸ್‌ಮೆಂಟ್ ಮೆಂಬ್ರೇನ್ (ಅಂಗಾಂಶದಲ್ಲಿ ಕೋಶಗಳ ತಳಕ್ಕಿರುವ ತೆಳು ಪೊರೆ) ಪ್ರೋಟೀನುಗಳ ಜೆಲ್ ಮೇಲೆ ಬಿತ್ತಿದಾಗ ಡಿ2ಎ1 ನಾಲ್ಕಾರು ದಿನ ಸುಮ್ಮನಿದ್ದು ಆಮೇಲೆ ಬೆಳೆಯುತ್ತದೆ, ಡಿ2.0ಆರ್ ಎರಡು ವಾರವಾದರೂ ಕದಲುವುದಿಲ್ಲ.

ಗ್ರೋತ್ ಫ್ಯಾಕ್ಟರ್ (ಬೆಳವಣಿಗೆ ಪ್ರಚೋದಿಸುವ ಪ್ರೋಟೀನ್) ಕಡಿಮೆ ಮಾಡಿದ ಜೆಲ್ಲನ್ನೇ ತರಿಸಿ, ಹಿಂದಿನ ರಾತ್ರಿಯೇ ಫ್ರಿಜ್ಜಿನೊಳಗೆ ಐಸ್ ಮೇಲಿಟ್ಟು ಕರಗಿಸಿ. ಪಿಪೆಟ್ಟಿನ ಟಿಪ್‌ಗಳೂ ಸ್ಲೈಡೂ ತಣ್ಣಗಿರಲಿ, ಬಿಸಿ ತಗುಲಿದರೆ ಜೆಲ್ ಟಿಪ್ಪಿನಲ್ಲೇ ಗಟ್ಟಿಯಾಗುತ್ತದೆ. ಎಂಟು ಗುಳಿಯ ಸ್ಲೈಡಿನಲ್ಲಿ ಗುಳಿಗೆ 50 ಮೈಕ್ರೋಲೀಟರ್ ಹಾಕಿ, ಗುಳ್ಳೆ ಏಳದಂತೆ ಹರಡಿ, 37 ಡಿಗ್ರಿಯಲ್ಲಿ 20 ನಿಮಿಷ ಬಿಡಿ. ಮೇಲೆ 5,000 ಕೋಶ, ಶೇ 2 ಸೀರಮ್ ಮತ್ತು ಶೇ 2 ಜೆಲ್ ಬೆರೆಸಿದ ಮೀಡಿಯಂನಲ್ಲಿ (ಕೋಶ ಬೆಳೆಸುವ ಪೋಷಕ ದ್ರವ). ನಾಲ್ಕು ದಿನಕ್ಕೊಮ್ಮೆ ಮೀಡಿಯಂ ಬದಲಿಸಿ. ಕೋಶ ಒತ್ತೊತ್ತಾಗಿ ಬಿದ್ದರೆ, ಅಥವಾ ಅಂಚಿನಲ್ಲಿ ಜೆಲ್ ತೆಳುವಾಗಿ ಕೋಶ ಗಾಜಿಗೆ ತಾಗಿದರೆ, ಡಿ2.0ಆರ್ ಕೂಡ ಬೆಳೆಯತೊಡಗುತ್ತದೆ. ಗುಳಿಯ ಅಂಚನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ. ಜೆಲ್ಲಿನ ಬ್ಯಾಚ್ ಬದಲಾದಾಗಲೆಲ್ಲ ಎರಡೂ ಕೋಶಗಳನ್ನು ಹಾಕಿ ನೋಡಿದ ಮೇಲೆಯೇ ಪ್ರಯೋಗ ಶುರುಮಾಡಿ.

ವಿಭಜನೆಯಾಗುವ ಕೋಶದಲ್ಲಿರುವ ಕೆಐ-67 ಪ್ರೋಟೀನಿನ ಬಣ್ಣವೊಂದನ್ನೇ ನಂಬಿ ಕೂರುವುದು ಸರಿಯಲ್ಲ. ವಿಭಜನೆ ನಿಲ್ಲಿಸಿದ ಮೇಲೂ ಆ ಪ್ರೋಟೀನ್ ನಿಧಾನವಾಗಿ ಕರಗುತ್ತದೆ, ನಿನ್ನೆ ನಿಂತ ಕೋಶ ಇವತ್ತೂ ಹೊಳೆಯಬಹುದು. ಜೊತೆಗೆ ವಿಭಜನೆಗೆ ತಡೆಹಾಕುವ ಪಿ27 ಪ್ರೋಟೀನ್ ನೋಡಿ, ಹೊಸದಾಗಿ ತಯಾರಾಗುವ ಡಿಎನ್‌ಎಗೆ ಸೇರಿ ಗುರುತು ಹಾಕುವ ಇಡಿಯು (EdU) 10 ಮೈಕ್ರೋಮೋಲಾರ್ ಕೊಡಿ. ಎರಡು ಗಂಟೆ ಕೊಟ್ಟರೆ ನಿಧಾನವಾಗಿ ವಿಭಜಿಸುವ ಕೋಶ ತಪ್ಪಿಸಿಕೊಳ್ಳುತ್ತದೆ, 24 ಗಂಟೆಯಾದರೂ ಬೇಕು. ಕೋಶ ಸಾಯುತ್ತಿದೆಯೇ ಎನ್ನಲು ಕ್ಯಾಸ್ಪೇಸ್-3 ಬಣ್ಣ, ಮುಪ್ಪೇ ಎನ್ನಲು ಬೀಟಾ-ಗ್ಯಾಲಕ್ಟೋಸಿಡೇಸ್ ಬಣ್ಣ.

ಹೆಚ್ಚಿನವರು ಬಿಟ್ಟುಬಿಡುವುದು ಎಬ್ಬಿಸುವ ಪರೀಕ್ಷೆಯನ್ನು. ಜೆಲ್ಲಿಗೆ ಕೊಲಾಜೆನ್-1 ಎಂಬ ನಾರಿನ ಪ್ರೋಟೀನ್ ಬೆರೆಸಿದರೆ ಡಿ2.0ಆರ್ ಏಳುತ್ತದೆ. ಆದರೆ ಕೊಲಾಜೆನ್ ಬರುವುದು ಆಮ್ಲದಲ್ಲಿ. ಐಸ್ ಮೇಲೆ ಕಾಸ್ಟಿಕ್ ಸೋಡಾ ದ್ರಾವಣ ಹಾಕಿ ಪಿಎಚ್ 7.4ಕ್ಕೆ ತರದಿದ್ದರೆ ಕೋಶ ಸಾಯುತ್ತದೆ. ಹೋಲಿಕೆಗೆಂದು ಕೊಲಾಜೆನ್ ಹಾಕದೆ ಬಿಟ್ಟ ಕಂಟ್ರೋಲ್ ಗುಳಿಗೆ ಅಷ್ಟೇ ಪ್ರಮಾಣದ ಬಫರ್ ಬೆರೆಸಿ, ಏಕೆಂದರೆ ಜೆಲ್ ತೆಳುವಾದದ್ದೇ ಫಲಿತಾಂಶ ಬದಲಿಸಬಹುದು. ಇಲಿಯಲ್ಲಾದರೆ ಉರಿಯೂತವೇ ಎಬ್ಬಿಸುತ್ತದೆ. ತಂಬಾಕಿನ ಹೊಗೆಯಿಂದ ಕೆರಳಿದ ನ್ಯೂಟ್ರೋಫಿಲ್‌ಗಳು (ಒಂದು ಬಗೆಯ ಬಿಳಿ ರಕ್ತಕಣ) ಡಿಎನ್‌ಎ ಬಲೆ ಬೀಸುತ್ತವೆ, ಬಲೆಯಲ್ಲಿನ ಕಿಣ್ವಗಳು ಬೇಸ್‌ಮೆಂಟ್ ಮೆಂಬ್ರೇನಿನ ಲ್ಯಾಮಿನಿನ್ ಪ್ರೋಟೀನ್ ಕತ್ತರಿಸುತ್ತವೆ, ಆ ತುಂಡನ್ನು ಗುರುತಿಸಿ ಕೋಶ ಏಳುತ್ತದೆ ಎಂದು 2018ರಲ್ಲಿ ತೋರಿಸಲಾಯಿತು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಕೆಲಸಗಳಲ್ಲಿ ಅದೂ ಒಂದು.

ಇಲಿಯ ಬಾಲದ ರಕ್ತನಾಳಕ್ಕೆ ಕೊಡುವ ಮುನ್ನ ಕೋಶಗಳನ್ನು 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ. ಅಂಟಿಕೊಂಡ ಗುಂಪು ಶ್ವಾಸಕೋಶದಲ್ಲಿ ಸಿಕ್ಕಿಬಿದ್ದರೆ ಇಲಿ ಅಲ್ಲೇ ಸಾಯಬಹುದು. ಗುರುತಿಗೆಂದು ಕೋಶಕ್ಕೆ ಸೇರಿಸಿದ, ಬೆಳಕು ಹೊಮ್ಮಿಸುವ ಲೂಸಿಫೆರೇಸ್ ಕಿಣ್ವದ ಬೆಳಕು ಕಾಣಲಿಲ್ಲವೆಂದರೆ ಕೋಶ ಇಲ್ಲವೆಂದಲ್ಲ, ಒಂಟಿ ಕೋಶದ ಬೆಳಕು ಆ ಕ್ಯಾಮೆರಾಕ್ಕೆ ಸಿಗದು. ಇನ್ನೊಂದು ದೊಡ್ಡ ಮೋಸ ರೋಗನಿರೋಧಕ ವ್ಯವಸ್ಥೆಯದು: ಬಾಲ್ಬ್-ಸಿ ಎಂಬ ಪ್ರಯೋಗಾಲಯದ ತಳಿಯ ಇಲಿಗೆ ಜಿಎಫ್‌ಪಿಯೂ (ಹಸಿರಾಗಿ ಹೊಳೆಯುವ ಗುರುತಿನ ಪ್ರೋಟೀನ್) ಲೂಸಿಫೆರೇಸೂ ಪರಕೀಯ ಪ್ರೋಟೀನುಗಳು. ಅವುಗಳ ವಿರುದ್ಧ ಎದ್ದ ಟಿ ಕೋಶಗಳು ಕ್ಯಾನ್ಸರ್ ಕೋಶಗಳನ್ನು ಹತ್ತಿಕ್ಕುತ್ತಿದ್ದರೆ, ನಾವದನ್ನು ಸುಪ್ತಾವಸ್ಥೆ ಎಂದು ಓದಿಬಿಡುತ್ತೇವೆ. ಗುರುತು ಹಾಕದ ಕೋಶ ಕೊಟ್ಟ ಒಂದು ಗುಂಪು ಇರಲೇಬೇಕು.

ಶ್ವಾಸಕೋಶವನ್ನು 5 ಮೈಕ್ರಾನ್ ದಪ್ಪಕ್ಕೆ ಕೊಯ್ದಾಗ ಒಂದೇ ಕೋಶ ಅಕ್ಕಪಕ್ಕದ ಎರಡು ಮೂರು ಪದರದಲ್ಲಿ ಕಾಣಿಸಿಕೊಳ್ಳುತ್ತದೆ. 50 ಮೈಕ್ರಾನ್ ಬಿಟ್ಟು ಮುಂದಿನ ಪದರ ಎಣಿಸಿ. ಜಿಎಫ್‌ಪಿಯ ಹಸಿರನ್ನು ನೇರ ನಂಬದೆ ಅದರ ಆಂಟಿಬಾಡಿ ಹಾಕಿ ನೋಡಿ, ಶ್ವಾಸಕೋಶದ ಮ್ಯಾಕ್ರೋಫೇಜ್‌ಗಳು (ಕಸ ನುಂಗುವ ರೋಗನಿರೋಧಕ ಕೋಶಗಳು) ತಾವಾಗಿಯೇ ಹೊಳೆಯುತ್ತವೆ.