ಚದರಡಿಗೆ ಎಷ್ಟು ಬೀಳುತ್ತದೆ?

ರಾಯಚೂರು ಸೀಮೆಯಲ್ಲಿ ಮನೆ ಕಟ್ಟಿಸಲು ಹೊರಟವರು ನನ್ನಂಥ ಎಂಜಿನಿಯರರನ್ನು ಮೊದಲು ಕೇಳುವುದು ಇದನ್ನೇ: “ಸರ್, ಚದರಡಿಗೆ ಎಷ್ಟು ಬೀಳುತ್ತದೆ?” ದರ ಹೇಳುವ ಮೊದಲು ನಾನು ಅವರ ನಿವೇಶನದ ಮಣ್ಣು ಯಾವುದೆಂದು ಕೇಳುತ್ತೇನೆ.

ಸಿಂಧನೂರು, ಮಾನ್ವಿ ಕಡೆಯ ಎರೆ ಭೂಮಿ ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುವುದರಿಂದ, ಅದರ ಮೇಲೆ ಸಾಧಾರಣ ಪಾಯ ಹಾಕಿದ ಮನೆಯ ಗೋಡೆಗಳು ಕೆಲವೇ ವರ್ಷಗಳಲ್ಲಿ ಸೀಳುತ್ತವೆ. ಇಲ್ಲಿ ಗಟ್ಟಿ ಪದರ ಸಿಗುವವರೆಗೆ ಅಗೆದು, ಕಾಲಂ ನಿಲ್ಲಿಸಿ, ಕೆಳಗೆ ಬೀಮ್ ಕಟ್ಟಿ, ಎರೆಯನ್ನು ತೆಗೆದ ಜಾಗದಲ್ಲಿ ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ತುಂಬಿ ಕುಟ್ಟಬೇಕಾಗುತ್ತದೆ. ಗಂಗಾವತಿಯ ಬಂಡೆಗಲ್ಲಿನ ನೆಲದಲ್ಲಿಯಾದರೆ ಪಾಯ ಬೇಗ ಮುಗಿದರೂ ಸಂಪು ಮತ್ತು ಶೌಚಗುಂಡಿ ತೋಡಲು ಬಂಡೆ ಒಡೆಯುವ ಬ್ರೇಕರ್ ಯಂತ್ರ ತರಿಸಬೇಕಾಗುತ್ತದೆ. ಹಾಗಿರುವಾಗ ಎರಡೂ ಊರಿಗೆ ಒಂದೇ ದರ ಹೇಳುವುದು ನನಗೆ ಸರಿಯೆನಿಸುವುದಿಲ್ಲ. ನೆಲದ ಕೆಳಗಿನ ಖರ್ಚನ್ನು ಚದರಡಿಯ ಲೆಕ್ಕದಿಂದ ಹೊರಗಿಟ್ಟು ಪ್ರತ್ಯೇಕವಾಗಿಯೇ ಬರೆದುಕೊಳ್ಳಬೇಕು. ಮಣ್ಣು ಪರೀಕ್ಷೆಗೆ ಕೊಡುವ ಹಣವನ್ನು ದಯವಿಟ್ಟು ಉಳಿಸಲು ಹೋಗಬೇಡಿ.

ನೆಲದ ಮೇಲಿನ ಅಂದಾಜು ಅಷ್ಟು ಕಷ್ಟವಲ್ಲ. ಸಾವಿರ ಚದರಡಿಯ ಒಂದಂತಸ್ತಿನ ಮನೆಗೆ ಸುಮಾರು 400 ಚೀಲ ಸಿಮೆಂಟು, 4 ಟನ್ನಿನ ಆಸುಪಾಸು ಕಬ್ಬಿಣ ಹಿಡಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತೆಂದು ಇಡೀ ಅಂದಾಜನ್ನೇ ಇಳಿಸಿಕೊಳ್ಳುವವರಿದ್ದಾರೆ. ಆದರೆ ಉಸುಕು, ಇಟ್ಟಂಗಿ, ಗೌಂಡಿಗಳ ಕೂಲಿ ಯಾವುದೂ ಆ ಇಳಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಬೇಸಿಗೆಯಲ್ಲಿ ಕೆಲಸ ಹಿಡಿದರೆ ನೀರಿನ ಟ್ಯಾಂಕರ್‌ಗೂ ಹಣ ತೆಗೆದಿಡಬೇಕು, ಏಕೆಂದರೆ ಈಗ ಮನೆಗಳಿಗೆ ಹೆಚ್ಚಾಗಿ ಬಳಸುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ಒಣಗದಂತೆ ನೀರುಣಿಸುವುದು, ಬೇಕು, ನಮ್ಮ ಬಿಸಿಲಿಗೆ ಅದಕ್ಕೂ ಹೆಚ್ಚು.

ಗುತ್ತಿಗೆದಾರರು ಹೇಳುವ ದರದಲ್ಲಿ ಕಾಂಪೌಂಡು, ಸಂಪು, ಗೇಟು, ಕಿಟಕಿಯ ಜಾಲಿ, ಅಡುಗೆಮನೆಯ ಕಪಾಟು, ಜೆಸ್ಕಾಂ ವಿದ್ಯುತ್ ಸಂಪರ್ಕ, ನಕ್ಷೆಯ ಮಂಜೂರಾತಿ ಇವೆಯೇ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಸ್ಲ್ಯಾಬ್ ಹಾಕಿದ ದಿನ ಮನೆ ಮುಗಿದಂತೆ ಕಂಡರೂ ಖರ್ಚಿನ ದೊಡ್ಡ ಭಾಗ ಇನ್ನೂ ಮುಂದಿರುತ್ತದೆ.

ಸಾಲದ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ಮಿತಿ ನೆನಪಿಡಬೇಕು. ಗೃಹಸಾಲ 30 ಲಕ್ಷದವರೆಗಾದರೆ ಆಸ್ತಿಯ ಮೌಲ್ಯದ ಶೇ. 90, ಅದಕ್ಕೆ ಮೇಲ್ಪಟ್ಟು 75 ಲಕ್ಷದವರೆಗಾದರೆ ಶೇ. 80ರಷ್ಟೇ ಸಿಗಬಹುದು. ಬ್ಯಾಂಕು ಆ ಹಣವನ್ನು ಕೆಲಸ ಮುಂದುವರಿದಂತೆ ಕಂತುಗಳಲ್ಲಿ ಬಿಡುಗಡೆ ಮಾಡುವುದರಿಂದ ಪಾಯದ ಖರ್ಚಿಗೆ ಕೈಯಲ್ಲಿ ಸ್ವಂತ ಹಣವಿರಬೇಕು. ಎರೆ ನೆಲದವರಿಗಂತೂ ಇದು ಸಣ್ಣ ಮೊತ್ತವಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಟ್ಟು ಮೊತ್ತದ ಹತ್ತನೇ ಒಂದು ಭಾಗವನ್ನು ಕಾದಿರಿಸಿ ಎನ್ನುವುದು ನನ್ನ ಸಲಹೆ. ಆಗಲೂ ಹಣ ಸಾಲದೆಂದು ಕಂಡರೆ ಪಾಯವನ್ನಾಗಲಿ ಕಬ್ಬಿಣವನ್ನಾಗಲಿ ಕಡಿಮೆ ಮಾಡದೆ ನಕ್ಷೆಯಲ್ಲಿ ಒಂದು ಕೋಣೆಯನ್ನು ಕೈಬಿಡಿ. ಕಾಂಪೌಂಡು, ಕಪಾಟುಗಳನ್ನು ಗೃಹಪ್ರವೇಶದ ನಂತರವೂ ಮಾಡಿಸಬಹುದು.