ಬೂದಿಯಾಗಿ ಕಂಡ ಕಪ್ಪು ತಟ್ಟೆ

ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಹಸು ಸಾಕುವ ಹೆಂಗಸರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಬೆಳಗ್ಗೆ, ಸಂಜೆ ಅವರು ಹಾಲು ಕರೆದು ಡೇರಿಗೆ ಹಾಕಬೇಕು. ನಮಗೆ ಸಿಗುವುದು ನಡುಮಧ್ಯಾಹ್ನದ ಒಂದು ಗಂಟೆ, ಹಾಲಿನ ಸಂಘದ ಕಟ್ಟಡದಲ್ಲಿ. ಅಲ್ಲಿ ಕಿಟಕಿಗಳಿಗೆ ಬಟ್ಟೆಯಿಲ್ಲ, ತಗಡಿನ ಚಾವಣಿಯ ನಡುವೆ ಬೆಳಕಿಗೆಂದು ಹಾಕಿದ ಫೈಬರ್ ಶೀಟ್ ಬೇರೆ.

ಪ್ರೊಜೆಕ್ಟರ್ ಕೊಳ್ಳುವ ಹೊಣೆ ನನಗೆ ಬಂದಾಗ ಅಂಗೈಯಗಲದ ಅಗ್ಗದ ಯಂತ್ರವೊಂದನ್ನು ಆರಿಸಿದೆ. ಡಬ್ಬಿಯ ಮೇಲೆ 9000 ಲುಮೆನ್ (ಯಂತ್ರ ಹೊರಬಿಡುವ ಒಟ್ಟು ಬೆಳಕಿನ ಅಳತೆ) ಎಂದಿತ್ತು. ಸಂಜೆ ಕಚೇರಿಯಲ್ಲಿ ದೀಪ ಆರಿಸಿ ನೋಡಿದಾಗ ಚಿತ್ರ ಚೆನ್ನಾಗಿಯೇ ಕಂಡಿತು.

ಮೊದಲ ಹಳ್ಳಿಯಲ್ಲಿ ಕೆಚ್ಚಲು ಬಾವಿನ ವಿಡಿಯೊ ಹಾಕಿದೆವು. ಅದರ ಜೀವಾಳ ಒಂದೇ ದೃಶ್ಯ: ಪ್ರತಿ ಮೊಲೆಯ ಮೊದಲ ಎರಡು-ಮೂರು ಧಾರೆಯನ್ನು ಕಪ್ಪು ತಟ್ಟೆಗೆ ಕರೆದು, ಬಿಳಿ ಚೂರುಗಳಿವೆಯೇ ಎಂದು ನೋಡುವುದು. ಹಿಂದೆ ಕುಳಿತಿದ್ದ ಅಜ್ಜಿಯೊಬ್ಬರು, "ಕಪ್ಪು ತಟ್ಟೆ ಎಂದಿರಿ, ಇದು ಬೂದಿ ಬಣ್ಣದ್ದಲ್ಲವೇ ಮೇಡಂ? ಚೂರು ಎಲ್ಲಿದೆ?" ಎಂದರು. ಬೆರಳಿಟ್ಟು ತೋರಿಸೋಣವೆಂದು ಪರದೆಯ ಹತ್ತಿರ ಹೋದೆ. ನನಗೂ ಕಾಣಲಿಲ್ಲ. ಬಿಸಿಲಿನಲ್ಲಿ ನಡೆದು ಬಂದಿದ್ದ ನಲವತ್ತು ಜನರ ಮುಂದೆ ನಿಂತು ಬಹಳ ಸಂಕಟಪಟ್ಟೆ.

ಯಾವ ಪ್ರೊಜೆಕ್ಟರೂ ಕಪ್ಪನ್ನು ಬಿಡಲಾರದು. ಕಪ್ಪು ಬೇಕಾದಲ್ಲಿ ಬೆಳಕು ಬಿಡದೆ ಇರುತ್ತದೆ, ಅಷ್ಟೇ. ಕೋಣೆಯ ಬೆಳಕಿಗೆ ಪರದೆ ಎಷ್ಟು ಬೆಳ್ಳಗೆ ಕಾಣುತ್ತದೆಯೋ ಅದೇ ಚಿತ್ರದ ಕಪ್ಪು. ಮೊಬೈಲ್ ಆ್ಯಪ್‌ನಲ್ಲಿ ಅಳೆದಾಗ ಆ ಮಧ್ಯಾಹ್ನ ಪರದೆಯ ಮೇಲೆ ಸುಮಾರು 150 ಲಕ್ಸ್ (ಒಂದು ಚದರ ಮೀಟರಿಗೆ ಬೀಳುವ ಲುಮೆನ್) ಇತ್ತು. ಯಂತ್ರದ ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿದ್ದ ಆನ್ಸಿ ಲುಮೆನ್ ಬರೀ 300. ಪರದೆಯ ಒಂಬತ್ತು ಕಡೆ ಅಳೆದು ಸರಾಸರಿ ತೆಗೆಯುವ ಈ ಅಳತೆಯನ್ನೇ ನಂಬಬೇಕು. ಡಬ್ಬಿಯ ದೊಡ್ಡ ಸಂಖ್ಯೆಗೆ ಅರ್ಥವಿಲ್ಲ. ಮೂಲೆಯಿಂದ ಎದುರು ಮೂಲೆಗೆ 100 ಇಂಚಿನ ಪರದೆ ಸುಮಾರು 2.2 ಮೀಟರ್ ಅಗಲ, 1.25 ಮೀಟರ್ ಎತ್ತರ. ಆ ಹರವಿಗೆ 300 ಲುಮೆನ್ ಹಂಚಿದರೆ ಸಿಗುವುದು ಸುಮಾರು 110 ಲಕ್ಸ್. ಹಾಗಾಗಿ ಬಿಳಿ 260, ಕಪ್ಪು 150. ಚೂರು ಕಾಣುವುದಾದರೂ ಹೇಗೆ? ಅದೇ 3000 ಲುಮೆನ್ ಯಂತ್ರವಾಗಿದ್ದರೆ ಬಿಳಿ, ಕಪ್ಪಿನ ಎಂಟು ಪಟ್ಟಾಗುತ್ತಿತ್ತು.

ಎರಡನೆಯ ಸಲ ಕೊಳ್ಳುವಾಗ ಅಂಗಡಿಯವರನ್ನು ಮಧ್ಯಾಹ್ನ ಹನ್ನೆರಡಕ್ಕೆ ಅದೇ ಕಟ್ಟಡಕ್ಕೆ ಕರೆಸಿದೆ. ಎರಡು ಯಂತ್ರಗಳಲ್ಲಿ ತಟ್ಟೆಯ ದೃಶ್ಯವನ್ನೇ ಹಾಕಿಸಿ, ಕೊನೆಯ ಸಾಲಿನ ಜಾಗದಲ್ಲಿ ಜಮಖಾನದ ಮೇಲೆ ಕುಳಿತು ನೋಡಿದೆ. ಲುಮೆನ್ ಎರಡರದ್ದೂ ಹೆಚ್ಚುಕಡಿಮೆ ಒಂದೇ. ಆದರೂ ಒಂದರಲ್ಲಿ ಬಾತ ಕೆಚ್ಚಲಿನ ಕೆಂಪು ಮಂಕಾಗಿತ್ತು. ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಎಲ್‌ಸಿಡಿ ಫಲಕ ಇರುವ ಇನ್ನೊಂದರಲ್ಲಿ ಎದ್ದು ಕಾಣುತ್ತಿತ್ತು. ಅದನ್ನೇ ಕೊಂಡೆವು. ಮುಂದಿನವರ ತಲೆ ಅಡ್ಡ ಬರದಂತೆ ಪರದೆಯನ್ನು ನೆಲದಿಂದ ನಾಲ್ಕು ಅಡಿ ಮೇಲೆ ಕಟ್ಟುತ್ತೇವೆ, ಯಂತ್ರಕ್ಕೂ ಎತ್ತರದ ಮೇಜು ಒಯ್ಯುತ್ತೇವೆ. ಕೆಳಗಿನಿಂದ ಓರೆಯಾಗಿ ಬಿಟ್ಟು ಗುಂಡಿಯೊತ್ತಿ ಚಿತ್ರ ನೇರ ಮಾಡಿದರೆ ಚಿತ್ರ ಕುಗ್ಗುತ್ತದೆ, ಬೆಳಕೂ ಪೋಲಾಗುತ್ತದೆ. ಫ್ಯಾನ್ ಸದ್ದಿನ ನಡುವೆ ಯಂತ್ರದ ದನಿ ಸಾಲದು, ಸ್ಪೀಕರ್ ಬೇರೆಯೇ ಬೇಕು.

ಫೈಬರ್ ಶೀಟಿನ ಮೇಲೆ ಈಗ ಗೋಣಿಚೀಲ ಹಾಸಿಸುತ್ತೇವೆ. ಆ ಅಜ್ಜಿಯ ಊರಿಗೆ ಬರುವ ಗುರುವಾರ ಮತ್ತೆ ಹೋಗುತ್ತಿದ್ದೇವೆ.