ಮೊಸೆಲ್ ದಂಡೆಯಲ್ಲಿ ಮನೆ ಮನೆಯ ವೈನ್

ಜರ್ಮನಿಯ ಮೊಸೆಲ್ ನದಿಗೆ ನೆಟ್ಟಗೆ ಹರಿದು ಗೊತ್ತಿಲ್ಲ. ಟ್ರಿಯರ್‌ನಿಂದ ಕೋಬ್ಲೆಂಜ್‌ಗೆ ಹೆದ್ದಾರಿಯಲ್ಲಿ ಹೋದರೆ ಎರಡು ಗಂಟೆಯೂ ಬೇಡ. ನದಿ ಪಕ್ಕದ ರಸ್ತೆ ಹಿಡಿದರೆ ಸುಮಾರು 190 ಕಿಲೋಮೀಟರ್ ಸುತ್ತಾಟ. ಅರ್ಧ ಗಂಟೆ ಗಾಡಿ ಓಡಿಸಿ ನೋಡಿದರೆ, ಆಗಲೇ ಬಿಟ್ಟುಬಂದ ಊರು ಗುಡ್ಡದ ಆಚೆ ಮಗ್ಗುಲಲ್ಲೇ ಇರುತ್ತದೆ. ನಾವು ಬೇಕಂತಲೇ ಈ ದಾರಿ ಹಿಡಿದೆವು. ವೈನ್ ಮಾಡುವ ಮನೆಗಳೆಲ್ಲ ಇದರ ಮೇಲೇ ಇವೆ.

ಟ್ರಿಯರ್ ದಾಟಿ ಸ್ವಲ್ಪ ದೂರ ಬಂದರೆ ಸಾಕು, ಊರೂರಲ್ಲೂ 'ವೈನ್‌ಗುಟ್', ಅಂದರೆ ವೈನ್ ತೋಟದ ಮನೆ, ಅನ್ನುವ ಬೋರ್ಡುಗಳು, ಜೊತೆಗೆ ಮನೆತನದ ಹೆಸರು. ಮುಂದುಗಡೆ ಸಂಸಾರ, ಹಿಂದುಗಡೆ ದ್ರಾಕ್ಷಿ ಹಿಂಡುವ ಯಂತ್ರ, ಕೆಳಗೆ ನೆಲಮಾಳಿಗೆ. ಬೆಲ್ ಒತ್ತಿದರೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಮನೆಯಾಕೆಯೇ ಬಂದು ಬಾಗಿಲು ತೆಗೆಯುತ್ತಾರೆ. ಮೊದಲೇ ಫೋನ್ ಮಾಡಿ ಹೋಗುವುದು ಮರ್ಯಾದೆ. ಅದರಲ್ಲೂ ನಾವು ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಕೊಯ್ಲು ಇನ್ನೇನು ಶುರುವಾಗಬೇಕು, ಯಾರಿಗೂ ಪುರುಸೊತ್ತಿಲ್ಲ. ಆದರೂ ಬನ್ನಿ ಅಂದರು.

ಕಾರಿನಲ್ಲಿ ಮೂವರು. ಅಣ್ಣ, ಅತ್ತಿಗೆ, ನಾನು. ಅತ್ತಿಗೆ ಕುಡಿಯುವುದಿಲ್ಲ, ಹಾಗಾಗಿ ಸ್ಟೀರಿಂಗ್ ಅವರ ಕೈಯಲ್ಲಿ. ರಕ್ತದಲ್ಲಿ ಆಲ್ಕೋಹಾಲ್ 0.5 ಪ್ರೊಮಿಲ್, ಅಂದರೆ ಸಾವಿರಕ್ಕೆ ಅರ್ಧ ಪಾಲು, ಮುಟ್ಟಿದರೆ ಜರ್ಮನಿಯಲ್ಲಿ ಗಾಡಿ ಓಡಿಸುವ ಹಾಗಿಲ್ಲ. ರುಚಿ ನೋಡಿ ಉಗುಳಲು ಎಲ್ಲ ಕಡೆ ಒಂದು ಪಾತ್ರೆ ಇಟ್ಟಿರುತ್ತಾರೆ, ಆದರೆ ಅಣ್ಣ ಉಗುಳುವ ಆಸಾಮಿಯಲ್ಲ. ಅತ್ತಿಗೆಗೆ ಹೋದಲ್ಲೆಲ್ಲ ಅದೇ ತೋಟದ ದ್ರಾಕ್ಷಿ ರಸ ಸಿಕ್ಕಿತು. ತಲೆ ನೆಟ್ಟಗಿದ್ದದ್ದು ಅವರದೊಬ್ಬರದೇ. ಒಳ್ಳೆಯ ಪ್ರಶ್ನೆಗಳೂ ಅವರಿಂದಲೇ ಬಂದವು.

ಮೊದಲ ನಿಲುಗಡೆ ನೊಯ್‌ಮಾಗೆನ್. ಕ್ರಿಸ್ತಶಕ 220ರ ಸುಮಾರಿಗೆ ಇಲ್ಲೊಬ್ಬ ರೋಮನ್ ವೈನ್ ವ್ಯಾಪಾರಿ ತನ್ನ ಸಮಾಧಿಯ ಮೇಲೆ ಕಲ್ಲಿನ ಹಡಗು ಕೆತ್ತಿಸಿಕೊಂಡಿದ್ದ. ಪೀಪಾಯಿ ಹೇರಿದ ಹಡಗು, ಹುಟ್ಟು ಹಾಕುವ ಆಳುಗಳು, ಅವರಲ್ಲೊಬ್ಬನ ಮುಖದಲ್ಲಿ ನಗು. ಅಸಲಿ ಕಲ್ಲು ಟ್ರಿಯರ್‌ನ ಮ್ಯೂಸಿಯಮ್‌ನಲ್ಲಿದೆ, ಊರಲ್ಲಿರುವುದು ನಕಲು. ಅಲ್ಲಿಂದ ಮುಂದೆ ಪೀಸ್‌ಪೋರ್ಟ್. ಇಲ್ಲಿ ದ್ರಾಕ್ಷಿ ತುಳಿದು ಹಿಂಡುತ್ತಿದ್ದ ರೋಮನ್ನರ ಕಲ್ಲಿನ ತೊಟ್ಟಿಗಳು 1985ರಲ್ಲಿ ಸಿಕ್ಕವು. ಆದರೆ ನಾವು ಗಾಡಿ ನಿಲ್ಲಿಸಿ ಬಾಯಿ ಬಿಟ್ಟು ನೋಡಿದ್ದು ಗುಡ್ಡವನ್ನು. ನದಿ ತಿರುಗುವಲ್ಲಿ ಇಡೀ ಇಳಿಜಾರು ಅರ್ಧಚಂದ್ರದ ಆಕಾರದಲ್ಲಿ ಎದ್ದು ನಿಂತಿದೆ. ಅದರ ತುಂಬ ದ್ರಾಕ್ಷಿ ಬಳ್ಳಿ.

"ಕೆಳಗೆ ಇಷ್ಟು ಸಮತಟ್ಟು ಜಾಗ ಇರುವಾಗ ಅಷ್ಟು ಮೇಲೆ ಯಾಕೆ ಹತ್ತಬೇಕು?" ಅತ್ತಿಗೆ ಕೇಳಿದರು. ಅಣ್ಣ ಏನೋ ಹೇಳಲು ಹೋಗಿ ಸುಮ್ಮನಾದ. ಉತ್ತರ ಸಿಕ್ಕಿದ್ದು ಮಾರನೆಯ ದಿನ, ಊರ್ಟ್ಸಿಗ್ ಊರಲ್ಲಿ.

ಅಲ್ಲಿ ನಮ್ಮನ್ನು ಕರೆದುಕೊಂಡು ಹೋದದ್ದು ಅರವತ್ತು ದಾಟಿದ ಒಬ್ಬ ಬೆಳೆಗಾರ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಇದೇ ಗುಡ್ಡದಲ್ಲಿ ದುಡಿದವರು. "ಮೊದಲು ಹತ್ತೋಣ, ಆಮೇಲೆ ಕುಡಿಯೋಣ," ಅಂದರು. ಹತ್ತುವುದು ಅಂದರೆ ನಿಜಕ್ಕೂ ಹತ್ತುವುದೇ. ನಾನು ಎರಡು ಸಲ ಕೈ ಊರಿದೆ. ಕಾಲ ಕೆಳಗೆ ಮಣ್ಣೇ ಕಾಣುವುದಿಲ್ಲ. ಕೆಂಪು ಕಲ್ಲಿನ ಚಪ್ಪಟೆ ಚೂರುಗಳು, ಶಾಲೆಯ ಸ್ಲೇಟು ಒಡೆದು ಹರಡಿದ ಹಾಗೆ. ಕಾಲಿಟ್ಟರೆ ಜರ್ ಅಂತ ಜಾರುತ್ತವೆ. ಪ್ರತಿ ಬಳ್ಳಿಗೂ ಒಂದೊಂದು ಗೂಟ. ಎರಡು ಕಡ್ಡಿಗಳನ್ನು ಎರಡು ಕಡೆಗೆ ಬಗ್ಗಿಸಿ ಹೃದಯದ ಆಕಾರಕ್ಕೆ ಕಟ್ಟಿದ್ದಾರೆ. ತಂತಿ ಬೇಲಿ ಇಲ್ಲದ್ದರಿಂದ ಬಳ್ಳಿಗಳ ನಡುವೆ ಅಡ್ಡಡ್ಡ ಓಡಾಡಬಹುದು. ಈ ಇಳಿಜಾರಿನಲ್ಲಿ ಮೇಲೆ ಕೆಳಗೆ ಹೋಗುವುದಕ್ಕಿಂತ ಅದೇ ವಾಸಿ.

ಮಧ್ಯದಲ್ಲಿ ನಿಂತು ಅವರು ಅತ್ತಿಗೆಯ ಪ್ರಶ್ನೆಗೆ ಉತ್ತರ ಕೊಟ್ಟರು. ಇದು 50ನೇ ಅಕ್ಷಾಂಶ, ದ್ರಾಕ್ಷಿ ಹಣ್ಣಾಗುವುದೇ ಕಷ್ಟ ಎನ್ನುವಷ್ಟು ಉತ್ತರ. ಸೂರ್ಯ ಓರೆಯಾಗಿ ಬರುತ್ತಾನೆ. ನೆಲ ಚಪ್ಪಟೆಯಾಗಿದ್ದರೆ ಬಿಸಿಲು ಚದುರಿ ತೆಳುವಾಗುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರಿಗೆ ಅದು ನೇರ ಬಡಿಯುತ್ತದೆ. ನದಿಯ ನೀರು ಇನ್ನಷ್ಟು ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಹಗಲೆಲ್ಲ ಕಾದ ಕಲ್ಲು ರಾತ್ರಿ ಆ ಬಿಸಿಯನ್ನು ಬಳ್ಳಿಗೆ ವಾಪಸ್ ಕೊಡುತ್ತದೆ. ಸಂಜೆ ಐದರ ಹೊತ್ತಿಗೆ ಒಂದು ಚೂರು ಎತ್ತಿ ಕೆನ್ನೆಗೆ ಹಿಡಿದು ನೋಡಿದೆ. ಬೆಚ್ಚಗಿತ್ತು.

ಬೆಲೆ ತೆರುವುದು ಮಾತ್ರ ಮನುಷ್ಯನ ಬೆನ್ನು. ಟ್ರ್ಯಾಕ್ಟರ್ ಇಲ್ಲಿ ಏರುವುದಿಲ್ಲ. ಹಲ್ಲಿರುವ ಒಂಟಿ ಹಳಿಯ ಮೇಲೆ ತೆವಳುವ ಪುಟ್ಟ ಗಾಡಿಯೊಂದು ಆಳುಗಳನ್ನೂ ಬುಟ್ಟಿಗಳನ್ನೂ ಮೇಲೆ ಕೆಳಗೆ ಸಾಗಿಸುತ್ತದೆ. ಉಳಿದದ್ದೆಲ್ಲ ಕೈಕೆಲಸ. ಸಮತಟ್ಟು ತೋಟಕ್ಕಿಂತ ಕೆಲಸದ ಗಂಟೆಗಳು ಹಲವು ಪಟ್ಟು ಜಾಸ್ತಿ. ಅವರಿಗೆ ಇರುವುದು 4 ಹೆಕ್ಟೇರ್, ಅದೂ 30ಕ್ಕೂ ಹೆಚ್ಚು ತುಂಡುಗಳಲ್ಲಿ. ನೆಪೋಲಿಯನ್ ಕಾಲದಲ್ಲಿ ಈ ಸೀಮೆ ಫ್ರಾನ್ಸ್ ಕೈಯಲ್ಲಿತ್ತು. ಆಗ ಬಂದ ಕಾನೂನು ಎಲ್ಲ ಮಕ್ಕಳಿಗೂ ಸಮಪಾಲು ಅಂತು. ಪಾಲಾಗಿ ಪಾಲಾಗಿ ಕೆಲವು ಕಡೆ ಒಬ್ಬರ ಜಮೀನು ಅಂದರೆ ನಾಲ್ಕೇ ಸಾಲು ಬಳ್ಳಿ. ಪಕ್ಕದ ತುಂಡಿನಲ್ಲಿ ಮುಳ್ಳುಪೊದೆ ಬೆಳೆದಿತ್ತು. ಕೇಳಿದಾಗ, "ಮಕ್ಕಳು ಪಟ್ಟಣದಲ್ಲಿದ್ದಾರೆ," ಅಂದು ಮುಂದೆ ನಡೆದರು.

ಜೇಬಿನಿಂದ ಒಂದು ಸಣ್ಣ ದುರ್ಬೀನಿನಂಥ ಕೊಳವೆ ತೆಗೆದರು. ರಿಫ್ರಾಕ್ಟೋಮೀಟರ್. ಒಂದು ಕಾಳು ಕಿತ್ತು ಅದರ ಗಾಜಿನ ಮೇಲೆ ಹಿಂಡಿ ಅತ್ತಿಗೆಯ ಕೈಗೆ ಕೊಟ್ಟರು. ಬೆಳಕಿಗೆ ಹಿಡಿದು ನೋಡಿದರೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ ನಿಂತ ಅಂಕಿಯೇ ಸಕ್ಕರೆಯ ಲೆಕ್ಕ. ಅತ್ತಿಗೆ 78 ಅಂತ ಓದಿದರು. ಇದಕ್ಕೆ ಓಕ್ಸ್‌ಲೆ ಡಿಗ್ರಿ ಅನ್ನುತ್ತಾರೆ. ಮೊಸೆಲ್‌ನ ರೀಸ್ಲಿಂಗ್ ದ್ರಾಕ್ಷಿಗೆ 70 ಬಂದರೆ ಲೇಬಲ್ ಮೇಲೆ 'ಕಾಬಿನೆಟ್' ಅಂತ ಬರೆಯಬಹುದು, 76ಕ್ಕೆ 'ಶ್ಪೇಟ್‌ಲೇಸೆ', 83ಕ್ಕೆ 'ಔಸ್‌ಲೇಸೆ'. ಅಂದರೆ ಈ ದರ್ಜೆಗಳು ನಿಂತಿರುವುದು ದ್ರಾಕ್ಷಿ ಎಷ್ಟು ಮಾಗಿದೆ ಅನ್ನುವುದರ ಮೇಲೆ. "ಹಾಗಾದರೆ ನಾಳೆಯೇ ಕೊಯ್ಯಬಹುದಲ್ವಾ?" ಅಂದರು ಅತ್ತಿಗೆ. ಅವರು ಇನ್ನೊಂದು ಕಾಳು ಬಾಯಿಗೆ ಹಾಕಿ, ಬೀಜ ಉಗುಳಿ ಅದರ ಬಣ್ಣ ನೋಡಿದರು. ಇನ್ನೂ ಹಸಿರು. "ಸಕ್ಕರೆ ಬಂದಿದೆ, ಹಣ್ಣಾಗಿಲ್ಲ."

ನೆಲಮಾಳಿಗೆಯ ಬಾಗಿಲ ಚೌಕಟ್ಟಿನಲ್ಲಿ ಗೆರೆಗಳು, ಪಕ್ಕದಲ್ಲಿ ಇಸವಿಗಳು. ನೆರೆ ಬಂದಾಗ ನೀರು ನಿಂತ ಎತ್ತರ. 1993ರ ಗೆರೆ ನನ್ನ ಎದೆಮಟ್ಟಕ್ಕಿತ್ತು. ಒಳಗೆ ಸಾವಿರ ಲೀಟರ್ ಹಿಡಿಯುವ ಹಳೆಯ ಓಕ್ ಪೀಪಾಯಿಗಳು. ಗೋಡೆ ತುಂಬ ಕಪ್ಪು ಬೂಷ್ಟು, ಮುಟ್ಟಿದರೆ ಮೆತ್ತಗಿರುತ್ತದೆ. ಅತ್ತಿಗೆ ಕೈ ಹಿಂದೆಗೆದುಕೊಂಡರು. ಪೀಪಾಯಿಯಿಂದ ಆವಿಯಾಗುವ ಆಲ್ಕೋಹಾಲ್ ತಿಂದು ಬದುಕುವ ಬೂಷ್ಟಂತೆ. ಅದನ್ನು ಯಾರೂ ತೊಳೆಯುವುದಿಲ್ಲ, ಇದ್ದರೆ ಮಾಳಿಗೆ ಆರೋಗ್ಯವಾಗಿದೆ ಅಂತಲೇ ಲೆಕ್ಕ.

ರುಚಿ ನೋಡಿದ್ದು ಊಟದ ಮೇಜಿನ ಮೇಲೆ. ಮೊದಲು ಸಿಹಿಯಿಲ್ಲದ್ದು, ಆಮೇಲೆ ಕಾಬಿನೆಟ್, ಕೊನೆಗೆ ಔಸ್‌ಲೇಸೆ. ಈ ಕ್ರಮ ತಪ್ಪಿದರೆ ಸಿಹಿಯ ಮುಂದೆ ಉಳಿದದ್ದು ಬರೀ ಹುಳಿ ಅನ್ನಿಸುತ್ತದೆ. ನನಗೆ ಮನಸ್ಸು ಹಿಡಿದದ್ದು ಕಾಬಿನೆಟ್. ಆಲ್ಕೋಹಾಲ್ 8 ಪರ್ಸೆಂಟ್ ಅಷ್ಟೇ. ಹುದುಗು ಎಲ್ಲ ಸಕ್ಕರೆಯನ್ನೂ ತಿಂದು ಮುಗಿಸುವ ಮೊದಲೇ ನಿಲ್ಲಿಸಿಬಿಡುತ್ತಾರೆ, ಹಾಗಾಗಿ ಲೀಟರಿಗೆ 40 ಗ್ರಾಂ ಆಸುಪಾಸು ಸಕ್ಕರೆ ಉಳಿದಿರುತ್ತದೆ. ಕೇಳಿದರೆ ಪಾನಕ ಅನ್ನಿಸಬಹುದು. ಬಾಯಿಗೆ ಹಾಕಿದರೆ ಹಾಗಿಲ್ಲ. ನಾಲಿಗೆ ಸಿಹಿ ಅನ್ನುವಷ್ಟರಲ್ಲಿ ಹುಳಿ ಬಂದು ಅದನ್ನು ಗುಡಿಸಿಕೊಂಡು ಹೋಗುತ್ತದೆ, ಇನ್ನೊಂದು ಗುಟುಕು ಬೇಕು ಅನ್ನಿಸುತ್ತದೆ. ಸಿಹಿ ವೈನ್ ಅಂದರೆ ಮೂಗು ಮುರಿಯುವವರು ಇಲ್ಲಿಗೆ ಒಂದು ಸಲ ಬರಬೇಕು.

ಆಮೇಲೆ ಹದಿನೈದು ವರ್ಷದ ಹಳೆಯ ಬಾಟಲಿ ತೆಗೆದರು. ಅಣ್ಣ ಮೂಸಿ, "ಪೆಟ್ರೋಲ್ ಬಂಕ್ ವಾಸನೆ ಬರ್ತಿದೆ ಕಣೋ," ಅಂತ ನನ್ನ ಕಿವಿಯಲ್ಲಿ ಉಸುರಿದ. ನಿಜವೇ. ಬಿಸಿಲು ಕಂಡ ರೀಸ್ಲಿಂಗ್ ಹಣ್ಣಿನ ಸಿಪ್ಪೆಯಲ್ಲಿ ಇರುವ ವಸ್ತುಗಳು ವರ್ಷಗಟ್ಟಲೆ ಒಡೆದು ಟಿಡಿಎನ್ ಅನ್ನುವ ರಾಸಾಯನಿಕ ಆಗುತ್ತದೆ, ವಾಸನೆ ಅದರದು. ಕೆಲವರಿಗೆ ಅದು ದೋಷ, ರೀಸ್ಲಿಂಗ್ ಹುಚ್ಚಿನವರಿಗೆ ಅದೇ ಬೇಕು. ನಾನು ಇನ್ನೂ ಯಾವ ಕಡೆ ಅಂತ ತೀರ್ಮಾನ ಮಾಡಿಲ್ಲ.

ಇಷ್ಟೆಲ್ಲ ಆದಮೇಲೆ ಬೆಲೆ ಕೇಳಿದೆವು. ಕಾಬಿನೆಟ್ ಬಾಟಲಿಗೆ 11 ಯೂರೋ. ಆ ಗುಡ್ಡ ಹತ್ತಿ ಇಳಿದು ಬಂದವರಿಗೆ ಅದು ಬೆಲೆಯೇ ಅಲ್ಲ ಅನ್ನಿಸಿತು. ಈ ಗೋಳು ಹೊಸದೂ ಅಲ್ಲ. ಟ್ರಿಯರ್‌ನಲ್ಲೇ ಹುಟ್ಟಿದ ಕಾರ್ಲ್ ಮಾರ್ಕ್ಸ್, ಇನ್ನೂ ಹುಡುಗ ವಯಸ್ಸಿನ ಪತ್ರಕರ್ತರಾಗಿದ್ದಾಗ, 1843ರ ಜನವರಿಯಲ್ಲಿ ಮೊಸೆಲ್ ಬೆಳೆಗಾರರ ಕಷ್ಟದ ಬಗ್ಗೆ ಪತ್ರಿಕೆಯಲ್ಲಿ ಬರೆದಿದ್ದರು. ಒಂದು ಪೆಟ್ಟಿಗೆ ಕೊಂಡೆವು. ರುಚಿ ನೋಡಿದ್ದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಮುಂದಿನ ಒಂದು ಪ್ರವಾಸಿ ಪಟ್ಟಣದ ಅನುಭವ ಬೇರೆ. ಬಸ್ಸುಗಟ್ಟಲೆ ಜನ, ಉದ್ದನೆಯ ಬೆಂಚು, ಅಷ್ಟಷ್ಟೇ ಸುರಿದಿಟ್ಟ ಆರು ಲೋಟ, ಮೈಕಿನಲ್ಲಿ ವಿವರಣೆ. ಲೋಟಗಳು ಬಿಸಿಯೇರಿದ್ದವು. ಅಣ್ಣ ಮೊದಲ ಸಲ ಉಗುಳಿದ. ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದೆವು.

ಊರ್ಟ್ಸಿಗ್ ಹತ್ತಿರ ತಲೆಯ ಮೇಲೆ ಹಾದುಹೋಗುವ ಹೋಖ್‌ಮೊಸೆಲ್ ಸೇತುವೆಯ ಬಗ್ಗೆ ಮಾತ್ರ ಯಾರನ್ನು ಕೇಳಿದರೂ ಎರಡು ನಿಮಿಷ ಬೈಗುಳ ಗ್ಯಾರಂಟಿ. 2019ರಲ್ಲಿ ತೆರೆದದ್ದು, ಸುಮಾರು 160 ಮೀಟರ್ ಎತ್ತರ. ತೋಟಗಳ ಮೇಲ್ಗಡೆಯ ಕಾಡಿನಲ್ಲಿ ರಸ್ತೆ ಕಡಿದರೆ ಬೇರಿಗೆ ಇಳಿಯುವ ನೀರಿನ ದಾರಿಯೇ ತಪ್ಪೀತು ಅನ್ನುವುದು ಬೆಳೆಗಾರರ ಭಯ. ಎಂಜಿನಿಯರಿಂಗ್ ಚೆನ್ನಾಗಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಜಾಗ ಅದಲ್ಲ.

ಬ್ರೆಮ್ ಊರಿನ ಕಾಲ್ಮೊಂಟ್ ಗುಡ್ಡದ ಎದುರು ಸಂಜೆ ಮಾಡಿದೆವು. ಯುರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟಗಳ ಸಾಲಿನಲ್ಲಿ ಮೊದಲು ಬರುವ ಹೆಸರು ಇದು, ಕೆಲವು ಕಡೆ ಇಳಿಜಾರು 60 ಡಿಗ್ರಿ ದಾಟುತ್ತದೆ. ಬಾಗಿಲಿಗೆ ಪೊರಕೆ ಅಥವಾ ಸೊಪ್ಪಿನ ಗೊಂಚಲು ನೇತುಹಾಕಿದ ಮನೆ ಕಂಡರೆ ಒಳಗೆ ಹೋಗಿ ಕೂರಬಹುದು. ಬೆಳೆಗಾರರು ವರ್ಷಕ್ಕೆ ನಾಲ್ಕು ತಿಂಗಳು, ನಲವತ್ತು ಜನ ಕೂರುವಷ್ಟು ಜಾಗದಲ್ಲಿ, ಲೈಸೆನ್ಸ್ ಇಲ್ಲದೆ ತಮ್ಮದೇ ವೈನ್ ಮಾರಬಹುದು, ಜೊತೆಗೆ ಸರಳ ಊಟ. ನಮಗೆ ಈರುಳ್ಳಿ ಕೇಕೂ ಫೆಡರ್‌ವೈಸರೂ ಸಿಕ್ಕಿತು. ಇದು ಇನ್ನೂ ಹುದುಗುತ್ತಿರುವ ರಸ, ಮಬ್ಬು ಬಣ್ಣ, ನಾಲಿಗೆಯ ಮೇಲೆ ಚುರುಚುರು. ಗ್ಯಾಸ್ ಹೋಗಲಿ ಅಂತ ಬಾಟಲಿಯ ಮುಚ್ಚಳ ಬಿಗಿ ಮಾಡುವುದಿಲ್ಲ. "ಕಾರಿನಲ್ಲಿ ಮಲಗಿಸಬೇಡಿ," ಅಂತ ಮೂರು ಸಲ ಹೇಳಿದರು. ಕೋಬ್ಲೆಂಜ್‌ವರೆಗೂ ಅಣ್ಣ ಅದನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡೇ ಕೂತ.

ಕೊನೆಯ ಮನೆ ವಿನ್ನಿಂಗೆನ್‌ನಲ್ಲಿ. ಇಲ್ಲಿ ಗುಡ್ಡ ಎಷ್ಟು ಕಡಿದು ಅಂದರೆ ಗಾರೆಯಿಲ್ಲದ ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆಸುತ್ತಾರೆ. ಯಜಮಾನಿಕೆ ಈಗ ಮಗಳದು. ಗೈಸೆನ್‌ಹೈಮ್‌ನಲ್ಲಿ ವೈನ್ ಶಾಸ್ತ್ರ ಓದಿ ಬಂದವಳು. ವಾಪಸ್ ಬಂದದ್ದು ಯಾಕೆ ಅಂತ ಅಣ್ಣ ಕೇಳಿದ. ದೊಡ್ಡ ಮಾತು ಏನೂ ಆಡಲಿಲ್ಲ. ಮುದುಕರು ಬಿಟ್ಟ ತೋಟ ಅಗ್ಗಕ್ಕೆ ಸಿಗುತ್ತೆ, ಬಳ್ಳಿ ನನ್ನ ಅಜ್ಜಿಗಿಂತ ಹಳೆಯದು, ಅಂಥದ್ದು ಬೇರೆಲ್ಲೂ ನನ್ನ ದುಡ್ಡಿಗೆ ಬರುವುದಿಲ್ಲ ಅಂದಳು. ಕಷ್ಟ ಏನಿದ್ದರೂ ಆಳಿನದು. ಮಾರ್ಚ್ ಹೊತ್ತಿಗೆ ಕಡ್ಡಿ ಬಗ್ಗಿಸಿ ಕಟ್ಟಬೇಕು. ಒಣ ದಿನ ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ, ಹಾಗಾಗಿ ಜಿನುಗು ಮಳೆ ಬಂದ ದಿನ ಎಲ್ಲರೂ ಒಟ್ಟಿಗೆ ಗುಡ್ಡಕ್ಕೆ ಓಡಬೇಕು.

"ಬರ್ತೀರಾ? ಕೈ ಬೇಕು," ಅಂತ ಅತ್ತಿಗೆಯನ್ನೇ ಕೇಳಿದಳು.

"ಸಂಬಳ ಎಷ್ಟು?"

"ಮಧ್ಯಾಹ್ನ ಊಟ, ಸಂಜೆ ವೈನ್."

"ನಾನು ಕುಡಿಯೋಲ್ಲಮ್ಮ, ದುಡ್ಡೇ ಕೊಡು," ಅಂದರು ಅತ್ತಿಗೆ. ಆಕೆ ನಗುತ್ತಾ ಒಳಗೆ ಹೋಗಿ, ನಮ್ಮ ಪೆಟ್ಟಿಗೆಯ ಜೊತೆ ಎರಡು ಬಾಟಲಿ ದ್ರಾಕ್ಷಿ ರಸವನ್ನೂ ತಂದು ಡಿಕ್ಕಿಯಲ್ಲಿಟ್ಟಳು.